ಮೂರು ತಿಂಗಳ ಪೆಟ್ಟಿಗೆ, ಮೂರು ವರ್ಷದ ಲಂಗ

ಇವತ್ತು ಮಕ್ಕಳ ಬಟ್ಟೆಯ ಬಗ್ಗೆ ನಾಲ್ಕು ಮಾತು. ಅಂಗಡಿಗೆ ಹೋಗಿ ಆರಿಸಿ ತರುವ ಬಟ್ಟೆಯಲ್ಲ. ಪೆಟ್ಟಿಗೆಯೊಳಗೆ ಕೂತು ತಾನಾಗಿ ಮನೆಗೆ ಬರುವ ಬಟ್ಟೆ. ವಾರಪತ್ರಿಕೆಗೆ ಚಂದಾ ಕಟ್ಟುತ್ತೇವಲ್ಲ, ಹಾಗೆ ಮಗುವಿನ ಬಟ್ಟೆಗೂ ಚಂದಾದಾರರಾಗುವ ಪದ್ಧತಿ ಅಮೆರಿಕದಲ್ಲಿ ಬಂದಿದೆ. ಅಲ್ಲಿರುವ ನನ್ನ ಮಗಳು ಅದನ್ನು ತರಿಸಿ ನೋಡಿದಳು. ಆಗ ನಾನೂ ಅವಳ ಮನೆಯಲ್ಲೇ ಇದ್ದೆ. ಬಾಣಂತನಕ್ಕೆ ಹೋದವಳು. ಹಿರಿಯ ಮೊಮ್ಮಗಳಿಗೆ ಆಗ ಐದು ನಡೆಯುತ್ತಿತ್ತು.

ನಾನು ಗೋರಂಟ್ಲದವಳು. ಹಿಂದೂಪುರದಿಂದ ಬಸ್ಸು ಹತ್ತಿದರೆ ಸುಮಾರು ಒಂದು ಗಂಟೆಯ ದಾರಿ. ಚಿತ್ರಾವತಿ ಹೊಳೆಯ ದಂಡೆಯ ಊರು. ಸೀಮೆ ಆಂಧ್ರದ್ದು. ಜಿಲ್ಲೆ ಮೊದಲು ಅನಂತಪುರ, 2022ರಿಂದ ಶ್ರೀ ಸತ್ಯಸಾಯಿ. ಬೀದಿಯಲ್ಲಿ ತೆಲುಗು, ನಮ್ಮ ಮನೆಯೊಳಗೆ ಕನ್ನಡ. ಇಂಥ ಊರಿಗೂ ಅಮೆರಿಕದ ಬಟ್ಟೆಪೆಟ್ಟಿಗೆಗೂ ಎತ್ತಣಿಂದೆತ್ತ ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಎರಡೂ ಕಡೆ ಮಕ್ಕಳು ಬೆಳೆಯುತ್ತಾರೆ.

ಮೊದಲು ಆ ಬೆಳೆಯುವ ಲೆಕ್ಕ ನೋಡೋಣ. ಹುಟ್ಟಿದಾಗ ಮಗು ಸುಮಾರು 50 ಸೆಂಟಿಮೀಟರ್ ಉದ್ದ ಇರುತ್ತದೆ. ವರ್ಷ ತುಂಬುವಾಗ 75. ನಾಲ್ಕು ವರ್ಷಕ್ಕೆ ಹೆಚ್ಚುಕಡಿಮೆ ಒಂದು ಮೀಟರ್. ಅಂದರೆ ಹುಟ್ಟಿದಾಗಿನ ಎರಡರಷ್ಟು. ಅಲ್ಲಿಂದ ಮುಂದೆ ಓಟ ನಿಧಾನ. ವರ್ಷಕ್ಕೆ ಐದಾರು ಸೆಂಟಿಮೀಟರ್, ಎರಡು ಎರಡೂವರೆ ಇಂಚು ಅನ್ನಿ. ಹತ್ತು ಹನ್ನೊಂದಕ್ಕೆ ಹೆಣ್ಣುಮಕ್ಕಳು ಮತ್ತೆ ಸರಸರನೆ ಏಳುತ್ತಾರೆ. ಗಂಡುಮಕ್ಕಳು ಒಂದೆರಡು ವರ್ಷ ತಡ.

ಇದರಲ್ಲಿ ತಾಯಂದಿರಿಗೆ ಹೊಸದೇನೂ ಇಲ್ಲ. ದೊಡ್ಡವರ ಬಟ್ಟೆ ಹರಿದು ಹೋಗುತ್ತದೆ. ಮಕ್ಕಳ ಬಟ್ಟೆ ಹರಿಯುವ ಮೊದಲೇ ಗಿಡ್ಡವಾಗುತ್ತದೆ. ಬಣ್ಣ ಹಾಗೇ ಇರುತ್ತದೆ, ಗುಂಡಿ ಹಾಗೇ ಇರುತ್ತವೆ, ಮೈ ಮಾತ್ರ ಹೊರಗೆ ಬಂದಿರುತ್ತದೆ. ಹಾಗಾಗಿ ಮಕ್ಕಳ ಬಟ್ಟೆಯಲ್ಲಿ ಕೊಳ್ಳುವುದು ಅರ್ಧ ಕೆಲಸ. ಗಿಡ್ಡವಾದದ್ದನ್ನು ಏನು ಮಾಡುವುದು ಎನ್ನುವುದು ಉಳಿದರ್ಧ. ಅಮೆರಿಕದ ಕಂಪನಿಯನ್ನೂ, ನಮ್ಮೂರ ಟೈಲರನ್ನೂ, ಸರ್ಕಾರದ ಕಿಟ್ಟನ್ನೂ ನಾನು ಇವತ್ತು ಈ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡುತ್ತೇನೆ.

ಈಗ ಪೆಟ್ಟಿಗೆಗೆ ಬರೋಣ.

ಅಮೆರಿಕದಲ್ಲಿ ಸ್ಟಿಚ್ ಫಿಕ್ಸ್ ಎಂಬ ಕಂಪನಿ ಇದೆ. 2011ರಲ್ಲಿ ಕತ್ರೀನಾ ಲೇಕ್ ಎಂಬ ಹೆಣ್ಣುಮಗಳು ಶುರು ಮಾಡಿದ್ದು. ಆಗ ಆಕೆ ಹಾರ್ವರ್ಡ್‌ನಲ್ಲಿ ಓದುತ್ತಿದ್ದವಳು. ಮೊದಲು ಹೆಂಗಸರ ಬಟ್ಟೆ, ಆಮೇಲೆ ಗಂಡಸರದ್ದು, 2018ರಲ್ಲಿ ಮಕ್ಕಳದ್ದು. ಇದೇ ಜಾಡಿನಲ್ಲಿ ಬೇರೆ ಕಂಪನಿಗಳೂ ಬಂದವು. ನಿಯಮಗಳು ಸ್ವಲ್ಪ ಆಚೀಚೆ, ನಡೆ ಒಂದೇ.

ನಡೆ ಹೀಗೆ. ಮೊದಲು ಫೋನಿನಲ್ಲಿ ಒಂದು ಫಾರಂ ತುಂಬಬೇಕು. ಮಗುವಿನ ವಯಸ್ಸು, ಎತ್ತರ, ತೂಕ. ಇಷ್ಟದ ಬಣ್ಣ. ಹೂವು ಬೇಕೋ ಪ್ರಾಣಿ ಬೇಕೋ. ಕುತ್ತಿಗೆಯ ಹಿಂದಿನ ಚೀಟಿ ಚುಚ್ಚಿದರೆ ಅಳುತ್ತದೆಯೋ. ಒಂದು ಬಟ್ಟೆಗೆ ಎಷ್ಟು ಹಣದವರೆಗೆ ಕೊಡುತ್ತೀರಿ. ಇಷ್ಟು ಬರೆದರೆ ಆ ಕಡೆ ಒಬ್ಬರು ಕೂತು, ಜೊತೆಗೆ ಕಂಪ್ಯೂಟರಿನ ಲೆಕ್ಕವನ್ನೂ ಇಟ್ಟುಕೊಂಡು, ಎಂಟರಿಂದ ಹನ್ನೆರಡು ಬಟ್ಟೆ ಆರಿಸಿ ಕಳಿಸುತ್ತಾರೆ. ಮೂರು ತಿಂಗಳಿಗೊಮ್ಮೆ ಬೇಕೆಂದರೆ ಮೂರು ತಿಂಗಳಿಗೊಮ್ಮೆ. ಮನೆಯಲ್ಲೇ ಹಾಕಿಸಿ ನೋಡುವುದು. ಒಪ್ಪಿದ್ದು ಇಟ್ಟುಕೊಳ್ಳುವುದು. ಒಲ್ಲದ್ದನ್ನು ಅವರೇ ಕೊಟ್ಟ ಚೀಲಕ್ಕೆ ತುಂಬಿ ಅಂಚೆಗೆ ಹಾಕುವುದು. ಅಂಚೆಯ ಖರ್ಚು ಅವರದ್ದು.

ಮಗಳು ತರಿಸಿದ ಕಾಲಕ್ಕೆ ಆರಿಸಿಕೊಡುವ ಕೂಲಿ 20 ಡಾಲರ್. ಒಂದು ಬಟ್ಟೆ ಇಟ್ಟುಕೊಂಡರೂ ಆ 20 ಅದರ ಬೆಲೆಯಲ್ಲಿ ವಜಾ ಆಗುತ್ತದೆ. ಎಲ್ಲವನ್ನೂ ತಿರುಗಿಸಿ ಕಳಿಸಿದರೆ 20 ಹೋಯಿತು. ಎಲ್ಲವನ್ನೂ ಇಟ್ಟುಕೊಂಡರೆ ಒಟ್ಟು ಬಿಲ್ಲಿನಲ್ಲಿ ನಾಲ್ಕನೇ ಒಂದು ಭಾಗ ಸೋಡಿ. ಈ ಮೂರು ಮಾತು ನೆನಪಿನಲ್ಲಿರಲಿ. ಮುಂದೆ ಬೇಕಾಗುತ್ತವೆ.

ಮಗಳ ಮನೆಗೆ ಬಂದ ಪೆಟ್ಟಿಗೆ ಯಾವ ಕಂಪನಿಯದ್ದು ಎಂಬ ಮಾತು ಬೇಡ. ಪೆಟ್ಟಿಗೆ ಹೇಗಿತ್ತು ಹೇಳುತ್ತೇನೆ. ಕಂದು ರಟ್ಟು. ನಾಲ್ಕು ಜೊತೆ ಬೂಟು ಹಿಡಿಸುವಷ್ಟು ದೊಡ್ಡದು. ಮೇಲೆ ಮಗುವಿನ ಹೆಸರು. ಅಪ್ಪನ ಹೆಸರಲ್ಲ, ಅಮ್ಮನದ್ದಲ್ಲ, ಮಗುವಿನದ್ದೇ. ಬಾಗಿಲಿಗೆ ಬಂದ ಪೆಟ್ಟಿಗೆಯ ಮೇಲೆ ತನ್ನ ಹೆಸರು ಓದಿಕೊಂಡ ಐದು ವರ್ಷದ ಹುಡುಗಿಯ ಮುಂದೆ ಇನ್ನು ಯಾರ ಮಾತು ನಡೆಯುತ್ತದೆ ಹೇಳಿ. ಒಳಗೆ ತೆಳು ಕಾಗದ. ಕಾಗದದ ಕೆಳಗೆ ಮಡಿಸಿ ಒತ್ತಿ ಇಟ್ಟ ಬಟ್ಟೆಗಳು. ಎರಡು ಲೆಗ್ಗಿಂಗ್ಸು, ಒಂದು ಜೀನ್ಸ್ ಜಾಕೆಟ್ಟು, ಮೂರು ನಾಲ್ಕು ಟೀ ಶರ್ಟು, ಒಂದು ಫ್ರಾಕು, ಹೀಗೆ. ಒಂದರ ಕುತ್ತಿಗೆಯ ಚೀಟಿಯಲ್ಲಿ ಭಾರತದಲ್ಲಿ ತಯಾರಾದದ್ದು ಎಂದಿತ್ತು. ನಮ್ಮ ಹಿಂದೂಪುರದ ಸುತ್ತ ಗಾರ್ಮೆಂಟ್ಸ್ ಇವೆ, ದೊಡ್ಡಬಳ್ಳಾಪುರದಲ್ಲಿವೆ. ಬೆಳಗ್ಗೆ ಬಸ್ಸು ತುಂಬ ಹೆಣ್ಣುಮಕ್ಕಳು ಊಟದ ಡಬ್ಬಿ ಹಿಡಿದು ಹೋಗುತ್ತಾರೆ. ಅದು ಎಲ್ಲಿ ಹೊಲಿದದ್ದೋ ಯಾರಿಗೆ ಗೊತ್ತು. ಆದರೂ ನಾನು ಆ ಹೊಲಿಗೆಯನ್ನು ಎರಡು ಸಲ ತಿರುಗಿಸಿ ನೋಡಿದೆ.

ಟೀ ಶರ್ಟುಗಳಲ್ಲಿ ಒಂದರ ಎದೆಯ ಮೇಲೆ ಮೀನಿನ ಹುರುಪೆಯಂತೆ ಚಮಕಿ ಹೊಲಿದಿದ್ದರು. ಕೈಯನ್ನು ಮೇಲಕ್ಕೆ ಸವರಿದರೆ ಒಂದು ಬಣ್ಣ, ಕೆಳಕ್ಕೆ ಸವರಿದರೆ ಇನ್ನೊಂದು. ಮೊಮ್ಮಗಳು ಅದನ್ನು ಹಾಕಿಕೊಂಡಳು. ಆಮೇಲೆ ಬಿಚ್ಚಲಿಲ್ಲ. ಬೆಲೆಚೀಟಿ ಕಂಕುಳ ಹತ್ತಿರ ನೇತಾಡುತ್ತಿತ್ತು. ಚೀಟಿ ಕಿತ್ತರೆ ವಾಪಸ್ ತೆಗೆದುಕೊಳ್ಳುವುದಿಲ್ಲ. ಅದಕ್ಕೇ ನನ್ನ ಮಗಳು ಅವಳ ಹಿಂದೆ ಹಿಂದೆ. "ಅಮ್ಮಾ, ಅವಳನ್ನ ಹಿಡ್ಕೋ, ಸಾರು ಚೆಲ್ಕೊಂಡ್ರೆ ಅದು ನಮ್ದೇ ಆಗೋಯ್ತು!" ಸಾರು ಚೆಲ್ಲಲಿಲ್ಲ. ಆದರೂ ಅದು ನಮ್ಮದೇ ಆಯಿತು.

ಈಗ ಲೆಕ್ಕಕ್ಕೆ ಬನ್ನಿ. ಆಗಲೇ ಹೇಳಿದ್ದೆನಲ್ಲ, ಎಲ್ಲ ಇಟ್ಟುಕೊಂಡರೆ ನಾಲ್ಕನೇ ಒಂದು ಭಾಗ ಸೋಡಿ ಎಂದು. ಪೆಟ್ಟಿಗೆಯಲ್ಲಿ ಹತ್ತು ಬಟ್ಟೆ ಇವೆ ಅನ್ನಿ. ಒಂದೊಂದಕ್ಕೆ 20 ಡಾಲರ್. ಒಟ್ಟು 200. ಏಳು ಹಿಡಿಸಿದವು, ಮೂರು ಹಿಡಿಸಲಿಲ್ಲ. ಏಳಕ್ಕೆ 140 ಡಾಲರ್. ಹತ್ತನ್ನೂ ಇಟ್ಟುಕೊಂಡರೆ 200ರಲ್ಲಿ ಕಾಲು ಭಾಗ ಕಳೆದು 150. ಅಂದರೆ ಇನ್ನು ಹತ್ತೇ ಡಾಲರ್ ಹಾಕಿದರೆ ಬೇಡವಾದ ಮೂರೂ ಮನೆಯಲ್ಲೇ ಉಳಿಯುತ್ತವೆ. ಎಂಟು ಹಿಡಿಸಿದ್ದರಂತೂ 160. ಆಗ ಇಟ್ಟುಕೊಳ್ಳುವುದೇ ಅಗ್ಗ, ಎರಡನ್ನು ತಿರುಗಿಸುವುದೇ ದುಬಾರಿ! ನನ್ನ ಅಳಿಯ ಕಂಪ್ಯೂಟರ್ ಓದಿದವರು. ಅವರೂ ಮೂರು ಸಲ ಕೂಡಿಸಿ ನೋಡಿ, ಪೂರ್ತಿ ಪೆಟ್ಟಿಗೆ ಇಟ್ಟುಕೊಂಡರು. ಲೆಕ್ಕ ಸರಿಯೇ. ಆದರೆ ಬೀರುವಿನಲ್ಲಿ ಬೇಡದ ಮೂರು ಬಟ್ಟೆ ಸೇರಿದ್ದೂ ಅಷ್ಟೇ ನಿಜ.

ಇದರಲ್ಲಿ ಮೋಸವಿದೆ ಎಂದು ನಾನು ಹೇಳುತ್ತಿಲ್ಲ. ಷರತ್ತು ಎಲ್ಲವೂ ಮೊದಲೇ ಬರೆದಿರುತ್ತಾರೆ. ಇಬ್ಬರೂ ದುಡಿಯುವ ಮನೆಯಲ್ಲಿ, ಹಸುಗೂಸು ಕಟ್ಟಿಕೊಂಡು, ಚಳಿಯಲ್ಲಿ ಕಾರು ತೆಗೆದು ಅಂಗಡಿಗೆ ಹೋಗುವ ಕಷ್ಟ ಈ ಪೆಟ್ಟಿಗೆಯಿಂದ ತಪ್ಪಿತು. ಅದು ಸಣ್ಣ ಉಪಕಾರವಲ್ಲ. ನಾನು ಹೇಳುವುದು ಇಷ್ಟೇ. ಈ ಪೆಟ್ಟಿಗೆ ಹೊಸದನ್ನು ಕಳಿಸುವುದರಲ್ಲಿ ಜಾಣ. ಹಾಕದ ಬಟ್ಟೆಯನ್ನು ವಾಪಸ್ ಪಡೆಯುತ್ತದೆ. ಹಾಕಿ ಗಿಡ್ಡವಾದ ಬಟ್ಟೆಯ ಗೋಜಿಗೆ ಹೋಗುವುದಿಲ್ಲ. ಮೂರು ತಿಂಗಳಾದ ಮೇಲೆ ಇನ್ನೊಂದು ಪೆಟ್ಟಿಗೆ ಬಂತು. ಮೊದಲಿನವು ಕೆಳಗಿನ ಡ್ರಾಯರಿಗೆ ಇಳಿದವು.

ಇಲ್ಲಿಯವರೆಗೆ ಹೇಳಿದ್ದು: ಮಗು ಬೆಳೆಯುತ್ತದೆ, ಬಟ್ಟೆ ಬೆಳೆಯುವುದಿಲ್ಲ. ಪೆಟ್ಟಿಗೆ ಹೊಸ ಬಟ್ಟೆ ತರುತ್ತದೆ, ಹಳೆಯದನ್ನು ನಮ್ಮ ತಲೆಗೇ ಬಿಡುತ್ತದೆ. ಹಳೆಯದನ್ನು ವಾಪಸ್ ಪಡೆಯುವವರು ಯಾರೂ ಇಲ್ಲವೇ? ಇದ್ದರು. ಡೆನ್ಮಾರ್ಕಿನಲ್ಲಿ ವಿಗ್ಗಾ ಎಂಬ ಸಂಸ್ಥೆ ಹತ್ತು ವರ್ಷದ ಹಿಂದೆ ಅದನ್ನೇ ಮಾಡಿತು. ಅಲ್ಲಿ ಕೂಸಿನ ಬಟ್ಟೆ ಮಾರಾಟಕ್ಕಲ್ಲ, ಬಾಡಿಗೆಗೆ. ತಿಂಗಳಿಗೆ ಇಷ್ಟು ಎಂದು ಕಟ್ಟಬೇಕಿತ್ತು. ಕೂಸಿನ ಅಳತೆಯ ಬಟ್ಟೆ ಚೀಲದಲ್ಲಿ ಬರುತ್ತಿದ್ದವು. ಗಿಡ್ಡವಾದಾಗ ಅವನ್ನು ತಿರುಗಿಸಿದರೆ ಮುಂದಿನ ಅಳತೆಯವು ಬರುತ್ತಿದ್ದವು. ವಾಪಸ್ ಹೋದದ್ದನ್ನು ಒಗೆದು, ನೋಡಿ, ಇನ್ನೊಂದು ಕೂಸಿಗೆ ಕೊಡುತ್ತಿದ್ದರು. ಬಟ್ಟೆ ಗಟ್ಟಿಯಾಗಿದ್ದಷ್ಟೂ ಕಂಪನಿಗೇ ಲಾಭ. ಹಾಗಾಗಿ ಗಟ್ಟಿ ಬಟ್ಟೆಯನ್ನೇ ಹೊಲಿಸಬೇಕಾಗುತ್ತದೆ. ಈ ತಿರುವು ನನಗೆ ಬಹಳ ಹಿಡಿಸಿತು. ಮಾರುವವನಿಗೆ ಬಟ್ಟೆ ಬೇಗ ಹಾಳಾದರೆ ಒಳ್ಳೆಯದು, ಬಾಡಿಗೆ ಕೊಡುವವನಿಗೆ ಬಾಳಿಕೆ ಬಂದರೆ ಒಳ್ಳೆಯದು.

ಅದೇ ಡೆನ್ಮಾರ್ಕಿಗೆ ಸಂಬಂಧಪಟ್ಟ ಇನ್ನೊಂದು ಕಥೆ. ಲಂಡನ್ನಿನಲ್ಲಿ ರಯಾನ್ ಯಾಸಿನ್ ಎಂಬ ಯುವಕ. ವಿಮಾನ ಶಾಸ್ತ್ರ ಓದಿದ ಎಂಜಿನಿಯರ್. ಡೆನ್ಮಾರ್ಕಿನಲ್ಲಿದ್ದ ಸೋದರಳಿಯನಿಗೆ ಬಟ್ಟೆ ಕೊಂಡು ಕಳಿಸಿದ. ಅದು ಅಲ್ಲಿಗೆ ಮುಟ್ಟುವಷ್ಟರಲ್ಲಿ ಕೂಸಿಗೆ ಚಿಕ್ಕದಾಗಿತ್ತು. ಆತ ಸುಮ್ಮನಾಗಲಿಲ್ಲ. ಬಾಹ್ಯಾಕಾಶಕ್ಕೆ ಕಳಿಸುವ ಉಪಗ್ರಹಗಳ ಹಲಗೆಗಳನ್ನು ಮಡಿಕೆ ಮಡಿಕೆಯಾಗಿ ಮಡಿಸಿಟ್ಟು ಅಲ್ಲಿ ಬಿಚ್ಚುತ್ತಾರಲ್ಲ, ಆ ಮಡಿಕೆಯ ವಿದ್ಯೆಯನ್ನು ಬಟ್ಟೆಗೆ ತಂದ. ಉದ್ದಕ್ಕೂ ಅಡ್ಡಕ್ಕೂ ಸಣ್ಣ ನೆರಿಗೆ. ಮಗು ಬೆಳೆದಂತೆ ನೆರಿಗೆ ಬಿಚ್ಚಿಕೊಳ್ಳುತ್ತದೆ. ನಾಲ್ಕು ತಿಂಗಳ ಕೂಸಿಗೆ ಹಾಕಿದ್ದು ಮೂರು ವರ್ಷದವರೆಗೂ ಆಗುತ್ತದೆ ಎಂಬುದು ಆತನ ವಾದ. ಪೆಟೀ ಪ್ಲೀ ಎಂದು ಹೆಸರಿಟ್ಟ. 2017ರಲ್ಲಿ ಬ್ರಿಟನ್ನಿನ ಜೇಮ್ಸ್ ಡೈಸನ್ ಪ್ರಶಸ್ತಿ ಅದಕ್ಕೆ ಬಂತು.

ಈ ಸುದ್ದಿಯನ್ನು ಅಳಿಯಂದಿರು ಓದಿ ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಲಂಗಕ್ಕೆ ಟಕ್ ಹಿಡಿಸದ ತಾಯಿ ನಮ್ಮ ಸೀಮೆಯಲ್ಲಿ ಇದ್ದಾಳೆಯೇ?

ಆ ಟಕ್ಕನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ರೇಡಿಯೋದಲ್ಲಿ ತೋರಿಸಲಾಗದು, ನೀವೇ ಮನಸ್ಸಿಗೆ ತಂದುಕೊಳ್ಳಿ. ಆರು ವರ್ಷದ ಹುಡುಗಿಗೆ ರೇಷ್ಮೆ ಲಂಗ ಹೊಲಿಸಬೇಕು. ಧರ್ಮಾವರದ ಬಟ್ಟೆ. ಅಗ್ಗದ್ದಲ್ಲ. ಟೈಲರಣ್ಣ ಸೊಂಟದಿಂದ ಹೆಬ್ಬೆರಳಿನವರೆಗೆ ಟೇಪು ಇಡುತ್ತಾನೆ. ಆ ಅಳತೆಗೆ ಕತ್ತರಿಸುವುದಿಲ್ಲ. ಐದಾರು ಇಂಚು ಹೆಚ್ಚಿಗೆ ಬಿಡುತ್ತಾನೆ. ಕೆಳಗೆ ಅಂಚನ್ನು ಒಳಕ್ಕೆ ಅಗಲವಾಗಿ ಮಡಿಸಿ ಹೊಲಿಯುತ್ತಾನೆ. ಅದರ ಮೇಲೆ, ಜರಿ ಅಂಚಿಗಿಂತ ನಾಲ್ಕು ಬೆರಳು ಮೇಲೆ, ಸುತ್ತಲೂ ಒಂದು ಟಕ್. ಅದರ ಮೇಲೆ ಇನ್ನೊಂದು. ಅರ್ಧ ಇಂಚಿನ ಟಕ್ ಬಿಚ್ಚಿದರೆ ಒಂದು ಇಂಚು ಉದ್ದ ಸಿಗುತ್ತದೆ, ಏಕೆಂದರೆ ಬಟ್ಟೆ ಎರಡು ಪದರ ಮಡಿಸಿರುತ್ತದೆ. ಜಾಕೀಟಿನ ಪಕ್ಕದಲ್ಲೂ ಅಷ್ಟೇ. ಕಂಕುಳಿಂದ ಸೊಂಟದವರೆಗೆ ಒಳಗೆ ಎರಡು ಮೂರು ಸಾಲು ಹೊಲಿಗೆ. ವರ್ಷಕ್ಕೊಂದು ಸಾಲು ಬಿಚ್ಚಿದರೆ ಎದೆ ಸಡಿಲ.

ಆಗಲೇ ಹೇಳಿದ ಅಳತೆ ನೆನಪಿದೆಯಲ್ಲ? ಮಗು ವರ್ಷಕ್ಕೆ ಎರಡು ಎರಡೂವರೆ ಇಂಚು ಬೆಳೆಯುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲಿನ ಪಾಲು. ಅಂದರೆ ಲಂಗಕ್ಕೆ ವರ್ಷಕ್ಕೆ ಒಂದೂವರೆ ಇಂಚು ಬೇಕು. ಟೈಲರಣ್ಣ ಬಿಟ್ಟ ಐದಾರು ಇಂಚು ಮೂರು ವರ್ಷಕ್ಕೆ ಆರಾಮಾಗಿ ಸಾಕು. ಯಾವ ಪುಸ್ತಕ ನೋಡಿ ಆತ ಅದನ್ನು ಕಲಿತ? ಎಷ್ಟೋ ಹುಡುಗಿಯರ ಲಂಗ ಬಿಚ್ಚಿ ಹೊಲಿದು ಕಲಿತ.

ಕಷ್ಟ ಒಂದಿದೆ. ಟಕ್ ಬಿಚ್ಚಿದ ಕಡೆ ಗೆರೆ ಬೀಳುತ್ತದೆ. ಮಡಿಕೆಯೊಳಗಿದ್ದ ಬಟ್ಟೆ ಬಿಸಿಲು ಕಂಡಿರುವುದಿಲ್ಲ, ಅದರ ಬಣ್ಣ ಗಾಢ. ಸುತ್ತಲಿನದು ಮಾಸಿರುತ್ತದೆ. ಶಾಲೆಯಲ್ಲಿ ಗೆಳತಿಯರು ಆ ಗೆರೆ ನೋಡಿಯೇ ಹೇಳುತ್ತಾರೆ, ಇದು ಹೋದ ವರ್ಷದ್ದು ಎಂದು. ಅದಕ್ಕೆ ತಾಯಂದಿರು ಗೆರೆಯ ಮೇಲೆ ಲೇಸು ಹೊಲಿಸುತ್ತಿದ್ದರು. ನನ್ನ ಒಂದು ಲಂಗಕ್ಕೆ ಎರಡು ಸಾಲು ಲೇಸು ಇತ್ತು. ನನಗದು ಅಂದಕ್ಕೆ ಹೊಲಿಸಿದ್ದು ಎಂದೇ ಹೇಳಿದ್ದರು, ನಾನೂ ಹಾಗೇ ನಂಬಿದ್ದೆ.

ನೋಡಿ, ಪೆಟ್ಟಿಗೆ ಹೊಸದನ್ನು ತರುತ್ತದೆ, ವಿಗ್ಗಾ ಹಳೆಯದನ್ನು ಒಯ್ಯುತ್ತಿತ್ತು, ನಮ್ಮ ಟೈಲರ್ ಹಳೆಯದನ್ನೇ ಉದ್ದ ಮಾಡುತ್ತಾನೆ. ಹೀಗೆ ಮೂರು ದಾರಿ ಆಯಿತು. ಇನ್ನು ನಮ್ಮ ಕಡೆಯ ಬೇರೆ ಪದ್ಧತಿಗಳಿಗೆ ಬರುತ್ತೇನೆ.

ಬಟ್ಟೆ ಮನೆಗೆ ಬರುವುದು ನಮಗೇನು ಹೊಸದಲ್ಲ. ಗಂಟು ಹೊತ್ತು ಬರುವವರು ಇದ್ದರು, ಈಗಲೂ ಮೋಟರ್‌ಸೈಕಲ್ಲಿನ ಮೇಲೆ ಬರುತ್ತಾರೆ. ಜಗಲಿಯ ಮೇಲೆ ಗಂಟು ಬಿಚ್ಚುವುದು. ಫ್ರಾಕು, ಚಡ್ಡಿ, ಟವೆಲು, ಸೀರೆ. "ಇಟ್ಕೊಂಡು ನೋಡಿ ಅಕ್ಕಾ, ಬರೋ ವಾರ ಬರ್ತೀನಿ. ದುಡ್ಡಿಗೇನವಸರ?" ಎಂದು ಎರಡು ಮೂರು ಬಿಟ್ಟು ಹೋಗುವುದು. ಕಂತಿನ ಚೀಟಿ ಬರೆದುಕೊಳ್ಳುವುದು. ನಮ್ಮದು ಕಡಲೆಕಾಯಿ ಸೀಮೆ. ಕಾಯಿ ಕಿತ್ತು ಮಾರಿದ ಮೇಲೆ ಕೈಯಲ್ಲಿ ಕಾಸು. ಆತನಿಗೆ ಅದು ಗೊತ್ತು. ದೀಪಾವಳಿ ಹೊತ್ತಿಗೆ ಸರಿಯಾಗಿ ವಸೂಲಿಗೆ ಬರುತ್ತಾನೆ. ಮನೆಯಲ್ಲಿ ಹಾಕಿ ನೋಡಿ, ಒಪ್ಪಿದರೆ ಕಾಸು ಕೊಡಿ ಎಂದು ಅಮೆರಿಕದವರು ಹೇಳುವ ಮಾತನ್ನು ಈತ ಫಾರಂ ಇಲ್ಲದೆ ಹೇಳುತ್ತಿದ್ದ. ಯಾವ ಮನೆಯಲ್ಲಿ ಎಷ್ಟು ಮಕ್ಕಳು, ಯಾವ ಹುಡುಗ ದಪ್ಪ, ಯಾವ ಹುಡುಗಿಗೆ ಹಳದಿ ಆಗದು, ಎಲ್ಲ ತಲೆಯಲ್ಲೇ ಇತ್ತು. ಆದರೆ ಬೆಲೆ ಮಾತ್ರ ಅಂಗಡಿಗಿಂತ ಹೆಚ್ಚು. ಕಂತಿನ ಬಡ್ಡಿ ಅದರಲ್ಲೇ ಕೂತಿರುತ್ತದೆ. ಅದನ್ನೂ ಹೇಳಬೇಕು.

ಅಂಚೆಯಲ್ಲಿ ಬಟ್ಟೆ ತರಿಸುವುದೂ ಹಳೆಯದೇ. ವಿ.ಪಿ.ಪಿ. ಎಂಬ ವ್ಯವಸ್ಥೆ ನಮ್ಮ ದೇಶದ ಅಂಚೆಯಲ್ಲಿ 1877ರಲ್ಲೇ ಬಂತು. ಪತ್ರಿಕೆಯಲ್ಲಿ ಜಾಹೀರಾತು ನೋಡಿ ಕಾರ್ಡು ಬರೆದರೆ ಸಾಮಾನು ಅಂಚೆಗೆ ಬರುತ್ತಿತ್ತು. ಮೊದಲು ಹಣ ಕಟ್ಟಬೇಕು, ಆಮೇಲೆ ಪೊಟ್ಟಣ ಬಿಚ್ಚಬೇಕು. ಒಳಗೆ ಏನಿದೆಯೋ ಅದೇ ನಿಮ್ಮ ಅದೃಷ್ಟ. ಈಗಿನ ಪೆಟ್ಟಿಗೆ ಆ ಕ್ರಮವನ್ನು ತಿರುಗಿಸಿ ಹಾಕಿದೆ. ಮೊದಲು ಬಿಚ್ಚಿ ನೋಡಿ, ಆಮೇಲೆ ಕಟ್ಟಿ. ಇಷ್ಟು ಒಳ್ಳೆಯದಾಗಿದೆ, ಒಪ್ಪಲೇಬೇಕು.

ಇನ್ನು ಗಿಡ್ಡವಾದ ಬಟ್ಟೆಯ ಮಾತು. ನಮ್ಮಲ್ಲಿ ಹಸುಗೂಸಿಗೆ ಮೊದಲು ಹಾಕುವುದೇ ಹಳೆಯ ಬಟ್ಟೆ. ಹೊಸದು ನಾಮಕರಣಕ್ಕೆ. ಒಗೆದು ಒಗೆದು ಮೆತ್ತಗಾದ ನೂಲಿನ ಪಂಚೆ, ಅಜ್ಜಿಯ ಸೀರೆಯ ತುಂಡು, ಅಣ್ಣ ಅಕ್ಕ ಹಾಕಿ ಬಿಟ್ಟ ಜುಬ್ಬ. ಹೊಸ ಬಟ್ಟೆಯ ಗಂಜಿ ಕೂಸಿನ ಚರ್ಮಕ್ಕೆ ಒರಟು. ಆಮೇಲೆ ಸರದಿ. ದೊಡ್ಡವನದ್ದು ಚಿಕ್ಕವನಿಗೆ, ಅವನದ್ದು ಚಿಕ್ಕಪ್ಪನ ಮಗನಿಗೆ. ಕಲ್ಯಾಣದುರ್ಗದಲ್ಲಿ ನನ್ನ ಅಕ್ಕನ ಮನೆ. ಅಲ್ಲಿಂದ ಒಂದು ಕೈಚೀಲ ಬರುತ್ತಿತ್ತು. ನನ್ನ ಮಕ್ಕಳು ಹಾಕಿ ಬಿಟ್ಟ ಮೇಲೆ ಅದೇ ಚೀಲ ಮಡಕಶಿರಕ್ಕೆ ಹೋಗುತ್ತಿತ್ತು, ನಾದಿನಿಯ ಮನೆಗೆ. ಒಂದು ಹಸಿರು ಸ್ವೆಟರ್ ಮೂರು ಮನೆ ಸುತ್ತಿ ಬಂದದ್ದು ನನಗೆ ಗೊತ್ತು. ವಿಗ್ಗಾ ಮಾಡಿದ ಕೆಲಸವೇ, ಬಾಡಿಗೆ ಇಲ್ಲ ಅಷ್ಟೇ.

ಆ ಚೀಲ ಈಗ ಬರುವುದಿಲ್ಲ. ಏಕೆ? ಮಕ್ಕಳು ಕಡಿಮೆಯಾದರು. ಒಂದು ಮನೆಯಲ್ಲಿ ಒಂದು, ಹೆಚ್ಚೆಂದರೆ ಎರಡು. ಅಣ್ಣನಿಗೂ ತಂಗಿಗೂ ಐದು ವರ್ಷ ಅಂತರ. ಅಕ್ಕತಂಗಿಯರು ಬೆಂಗಳೂರು, ಹೈದರಾಬಾದು, ಅಮೆರಿಕ ಎಂದು ಚೆದುರಿದರು. ಬಟ್ಟೆಯ ಬೆಲೆ ಇಳಿಯಿತು. ಹಬ್ಬದ ಸಂತೆಯಲ್ಲಿ ಇನ್ನೂರು ರೂಪಾಯಿಗೆ ಹೊಸ ಫ್ರಾಕು ಸಿಗುವಾಗ ಹಳೆಯದನ್ನು ಕೊಟ್ಟರೆ ಅವರು ಏನೆಂದುಕೊಂಡಾರೋ ಎಂಬ ಸಂಕೋಚ. ಇನ್ನು ಕೆಲವರಿಗೆ ಮಗುವಿನ ಬಟ್ಟೆ ಹೊರಗಿನವರಿಗೆ ಕೊಟ್ಟರೆ ದೃಷ್ಟಿಯ ಭಯ. ಉಳಿದದ್ದು ಪಾತ್ರೆಯವಳು. ಹಳೆ ಬಟ್ಟೆಗೆ ಸ್ಟೀಲು ಪಾತ್ರೆ ಕೊಡುವವಳು. ಅವಳ ಹತ್ತಿರ ಮಕ್ಕಳ ಬಟ್ಟೆಗೆ ಮರ್ಯಾದೆಯೇ ಇಲ್ಲ. ಒಂದು ರೇಷ್ಮೆ ಸೀರೆಗೆ ಡಬರಿ ಬಂದರೆ, ಇಡೀ ಒಂದು ರಾಶಿ ಫ್ರಾಕಿಗೆ ಒಂದು ಬಟ್ಟಲು. ತುಂಡು ಬಟ್ಟೆ, ಯಾರು ತಗೋತಾರೆ ಎನ್ನುತ್ತಾಳೆ. ಅವಳದ್ದೂ ನಿಜ.

ಇಲ್ಲಿಯವರೆಗೆ ಮನೆಯ ಮಾತಾಯಿತು. ಗಂಟಿನವನು, ಟಕ್ಕು, ಊರೂರು ಸುತ್ತುವ ಚೀಲ. ಇನ್ನು ಸರ್ಕಾರದ ಪೆಟ್ಟಿಗೆ. ಅದನ್ನು ಬಿಟ್ಟರೆ ಈ ಮಾತು ಪೂರ್ತಿಯಾಗದು. ನಮ್ಮ ಸೀಮೆಯಲ್ಲಿ ನಿಜವಾಗಿ ವರ್ಷಕ್ಕೊಮ್ಮೆ ತಪ್ಪದೆ ಮಕ್ಕಳ ಹೆಸರಿನಲ್ಲಿ ಬಟ್ಟೆ ಬರುವುದು ಅಲ್ಲಿಂದಲೇ.

2020ರ ಅಕ್ಟೋಬರಿನಲ್ಲಿ ಆಂಧ್ರಪ್ರದೇಶ ಸರ್ಕಾರ ಜಗನನ್ನ ವಿದ್ಯಾ ಕಾನುಕ ಎಂಬ ಯೋಜನೆ ತಂದಿತು. ಸರ್ಕಾರಿ ಶಾಲೆಯ ಒಂದರಿಂದ ಹತ್ತನೇ ತರಗತಿಯ ಮಕ್ಕಳಿಗೆ. ಮೊದಲ ವರ್ಷ ಸುಮಾರು 42 ಲಕ್ಷ ಮಕ್ಕಳು. ಖರ್ಚು 650 ಕೋಟಿ ರೂಪಾಯಿಯಷ್ಟು. ಸರ್ಕಾರ ಬದಲಾದ ಮೇಲೆ ಹೆಸರು ಬದಲಾಯಿತು. ಈಗ ಅದು ಸರ್ವೇಪಲ್ಲಿ ರಾಧಾಕೃಷ್ಣನ್ ವಿದ್ಯಾರ್ಥಿ ಮಿತ್ರ. ಕಿಟ್ಟಿನೊಳಗಿನ ಸಾಮಾನು ಹೆಚ್ಚುಕಡಿಮೆ ಅದೇ. ಚೀಲ, ಪುಸ್ತಕ, ಬೆಲ್ಟು, ಒಂದು ಜೊತೆ ಬೂಟು, ಎರಡು ಜೊತೆ ಕಾಲುಚೀಲ. ಮತ್ತು ಮೂರು ಜೊತೆ ಸಮವಸ್ತ್ರದ ಬಟ್ಟೆ. ಗಡಿಯ ಕನ್ನಡ ಶಾಲೆಗಳ ಮಕ್ಕಳಿಗೂ ಇದೇ. ಕರ್ನಾಟಕದಲ್ಲಿ ವಿದ್ಯಾವಿಕಾಸ ಯೋಜನೆಯಲ್ಲಿ ಸಮವಸ್ತ್ರ ಕೊಡುತ್ತಾರೆ, ನಿಮಗೆ ಗೊತ್ತಿರುತ್ತದೆ.

ಸಮವಸ್ತ್ರದ ಬಟ್ಟೆ ಎಂದೆ. ಹೊಲಿದ ಸಮವಸ್ತ್ರ ಎನ್ನಲಿಲ್ಲ. ಕಿಟ್ಟಿನಲ್ಲಿ ಬರುವುದು ಹೊಲಿಯದ ತುಂಡು. ಹೊಲಿಗೆಯ ಕೂಲಿ ಬೇರೆ ಕೊಡುತ್ತಾರೆ. ಎಂಟನೇ ತರಗತಿಯವರೆಗೆ ಜೊತೆಯೊಂದಕ್ಕೆ 40 ರೂಪಾಯಿ, ಒಂಬತ್ತು ಹತ್ತಕ್ಕೆ 80 ಎಂದು ಲೆಕ್ಕ. ಆ ಕೂಲಿಗೆ ಹೊಲಿಯುವ ಟೈಲರ್ ಸಿಗುವುದು ಕಷ್ಟ. ಮಿಕ್ಕದ್ದನ್ನು ಮನೆಯವರು ಹಾಕಬೇಕು. ಇದರ ಬದಲು ಹೊಲಿದೇ ಕೊಡಬಾರದೇ ಎಂದು ಕೇಳುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಕೂಲಿ ಹೆಚ್ಚಿಸಲಿ, ಖಂಡಿತ ಹೆಚ್ಚಿಸಲಿ. ಬಟ್ಟೆ ಮಾತ್ರ ಹೊಲಿಯದೇ ಬರಲಿ. ಹೊಲಿದದ್ದು ಬಂದರೆ ಅದು ಎಲ್ಲೋ ಕೂತವರು ಊಹಿಸಿದ ಮಗುವಿನ ಅಳತೆ. ತುಂಡು ಬಂದರೆ ನಮ್ಮೂರ ಟೈಲರ್ ನಮ್ಮ ಮಗುವಿನ ಮೈಗೆ ಟೇಪು ಇಡುತ್ತಾನೆ. ಒಳಗೆ ಎರಡಿಂಚು ಬಿಡುತ್ತಾನೆ. ಮುಂದಿನ ಜೂನಿನಲ್ಲಿ ಕಿಟ್ಟು ತಡವಾದರೂ ಹುಡುಗ ಹೋದ ವರ್ಷದ ಪ್ಯಾಂಟನ್ನೇ ಉದ್ದ ಮಾಡಿಸಿಕೊಂಡು ಶಾಲೆಗೆ ಹೋಗಬಹುದು.

ಅಳತೆಯ ಮಾತು ಬಂತು. ಅದನ್ನು ಹೇಳಿ ಮುಗಿಸುತ್ತೇನೆ.

ಪೆಟ್ಟಿಗೆಯಾಗಲಿ, ಫೋನಿನಲ್ಲಿ ತರಿಸುವುದಾಗಲಿ, ಎಲ್ಲ ನಿಂತಿರುವುದು ಅಳತೆಯ ಮೇಲೆ. ನಮ್ಮ ಅಂಗಡಿಗಳಲ್ಲಿ ಮಕ್ಕಳ ಬಟ್ಟೆಗೆ ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು ಎಂಬ ನಂಬರು. ಆನ್‌ಲೈನಿನಲ್ಲಿ ನಾಲ್ಕರಿಂದ ಐದು ವರ್ಷ, ಐದರಿಂದ ಆರು ವರ್ಷ ಎಂಬ ವಯಸ್ಸು. ಒಂದು ಕಂಪನಿಯ ಐದು ವರ್ಷ ಇನ್ನೊಂದರ ಏಳು ವರ್ಷದಷ್ಟು ದೊಡ್ಡದು. ಭಾರತೀಯರ ಮೈ ಅಳತೆಯ ಪಟ್ಟಿಯೇ ನಮ್ಮಲ್ಲಿ ಇರಲಿಲ್ಲ. ಅದಕ್ಕಾಗಿ ಉಡುಪಿನ ವಿದ್ಯೆ ಕಲಿಸುವ ನಿಫ್ಟ್ ಸಂಸ್ಥೆ ಇಂಡಿಯಾ ಸೈಜ್ ಎಂಬ ಸಮೀಕ್ಷೆ ಕೈಗೊಂಡಿತು. ಬೆಂಗಳೂರು, ಹೈದರಾಬಾದು ಸೇರಿ ಆರು ನಗರಗಳಲ್ಲಿ, ಸುಮಾರು 25 ಸಾವಿರ ಜನರನ್ನು ಅಳೆಯುವ ಗುರಿ. ಒಳ್ಳೆಯ ಕೆಲಸ. ಆದರೆ ಅದು 15 ವರ್ಷದಿಂದ ಮೇಲಿನವರಿಗೆ. ಬೆಳೆಯುವ ಮಕ್ಕಳು ಅದರ ಲೆಕ್ಕಕ್ಕೆ ಬರಲಿಲ್ಲ.

ಹಾಗಾಗಿ ಮಕ್ಕಳ ಅಳತೆಯ ಪಟ್ಟಿಯೂ ಬರುವವರೆಗೆ ಮನೆಯ ಟೇಪೇ ಗತಿ. ಫೋನಿನಲ್ಲಿ ಮಕ್ಕಳ ಬಟ್ಟೆ ತರಿಸುವ ತಾಯಂದಿರಿಗೆ, ಅಜ್ಜಿಯರಿಗೆ ಒಂದು ಮಾತು. ವಯಸ್ಸನ್ನು ನೋಡಬೇಡಿ. ಮಗುವಿಗೆ ಈಗ ಸರಿಯಾಗಿ ಆಗುವ ಒಂದು ಅಂಗಿಯನ್ನು ಚಾಪೆಯ ಮೇಲೆ ಹರಡಿ. ಕಂಕುಳಿಂದ ಕಂಕುಳಿಗೆ ಟೇಪು ಇಡಿ. ಭುಜದಿಂದ ಕೆಳಗಿನ ಅಂಚಿನವರೆಗೆ ಇಡಿ. ಪ್ಯಾಂಟಿಗೆ ಸೊಂಟ, ಮತ್ತು ಕಾಲಿನ ಒಳಬದಿಯ ಉದ್ದ. ಈ ನಾಲ್ಕು ಅಳತೆ ಬರೆದಿಡಿ. ಕಂಪನಿಯ ಪಟ್ಟಿಯಲ್ಲಿ ಇಂಚಿನ ಲೆಕ್ಕ ಇದೆಯೇ ನೋಡಿ. ಅಗಲಕ್ಕೆ ಒಂದಿಂಚು, ಉದ್ದಕ್ಕೆ ಎರಡಿಂಚು ಹೆಚ್ಚಿಗೆ ಇರುವುದನ್ನು ಆರಿಸಿ. ಬಂದ ಕೂಡಲೇ ಚೀಟಿ ಕೀಳದೆ ಒಳಗೆ ತಿರುಗಿಸಿ, ಪಕ್ಕದ ಹೊಲಿಗೆಯ ಆಚೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ ಎಂದು ಬೆರಳಲ್ಲಿ ಹಿಡಿದು ನೋಡಿ. ಬೇಕೆನಿಸಿದಾಗ ಬಿಚ್ಚಲು ಅರ್ಧ ಇಂಚೂ ಇಲ್ಲದಿದ್ದರೆ, ಬೆಲೆ ಎಷ್ಟೇ ಅಗ್ಗವಾದರೂ, ಅದು ಒಂದು ವರ್ಷದ ಬಟ್ಟೆ ಎಂದೇ ಲೆಕ್ಕ ಹಾಕಿ ಹಣ ಕೊಡಿ. ಟೈಲರಣ್ಣನ ಹತ್ತಿರ ಹೊಲಿಸುವವರು ಯುಗಾದಿ, ರಂಜಾನ್ ಹತ್ತಿರ ಬರುವ ಮೊದಲೇ ಬಟ್ಟೆ ಕೊಟ್ಟುಬಿಡಿ. ಆಮೇಲೆ ಹೋದರೆ ಅವನ ಕೈಯಲ್ಲಿ ಟಕ್ ಹಿಡಿಯುವಷ್ಟು ಪುರುಸೊತ್ತು ಇರುವುದಿಲ್ಲ.